ಮೊಣಕಾಲಿಗೆ ಗೋಂದು

ನನ್ನ ಅಳಿಯನಿಗೆ ನನ್ನ ಹೆಂಡತಿ ಗಿರಿಜಾ ಮಾಡುವ ಹಾಗಲಕಾಯಿ ಗೊಜ್ಜು ಚೆನ್ನಾಗಿದೆ. ನಮ್ಮ ಮನೆಯ ಫ್ಯಾನಿನ ಗಾಳಿ ಚೆನ್ನಾಗಿದೆ. ಕರೆಂಟು ಹೋಗಿ ಫ್ಯಾನು ನಿಂತರೆ ಅದೂ ಚೆನ್ನಾಗಿದೆ. ಒಮ್ಮೆ ಗಿರಿಜಾ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಳು. ನಾನು ಮೊದಲ ಗುಟುಕಿಗೇ ಮುಖ ಕಿವುಚಿದೆ. ಅಳಿಯ ಲೋಟ ಪೂರ್ತಿ ಖಾಲಿ ಮಾಡಿ, ತುಟಿ ಒರೆಸಿಕೊಂಡು ಹೇಳಿದ:

"ಬಾಗುಂದಂಡಿ."

ಚೆನ್ನಾಗಿದೆ ರೀ, ಎಂದರ್ಥ. ಮದುವೆಯಾದಂದಿನಿಂದ ಆತ ನಮ್ಮ ಮುಂದೆ ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ಇದೊಂದೇ. ಉಳಿದ ಕಾಲು ಪಾಲು ಮುಗುಳ್ನಗೆ.

ಹಳೆಯ ಓದುಗರಿಗೆ ಗೊತ್ತು: ತಿಪಟೂರಿನವನಾದ ನಾನು ಬ್ಯಾಂಕಿನ ವರ್ಗಾವಣೆಯ ಗಾಳಿಗೆ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದು ಬಿದ್ದವನು. ದ್ವಾರಕಾ ನಗರದಲ್ಲಿ ಬ್ರಾಂಚು, ಎಂವಿಪಿ ಕಾಲೋನಿಯಲ್ಲಿ ಮನೆ. ಬಡ್ತಿ ಬೇಡವೆಂದು ಬರೆದುಕೊಟ್ಟು ಇಲ್ಲೇ ಬೇರು ಬಿಟ್ಟೆ. ಮಗಳು ಪಲ್ಲವಿಗೆ ಕನ್ನಡ ಊಟ ತಿಂಡಿಯ ಭಾಷೆ. ಜಗಳ, ಕನಸು, ಪ್ರೇಮ ಎಲ್ಲ ತೆಲುಗಿನಲ್ಲಿ. ಆ ಮೂರನೆಯದರ ಫಲವೇ ಈ ಅಳಿಯ, ವಂಶಿ. ವಿಜಯವಾಡದವನು. ದಂತವೈದ್ಯ. ದಿನವಿಡೀ ಊರಿನವರ ಬಾಯಿ ತೆರೆಸುವುದು ಅವನ ವೃತ್ತಿ. ತನ್ನದು ಮಾತ್ರ ತೆರೆಯುವುದಿಲ್ಲ.

ಒಳ್ಳೆಯ ಅಳಿಯ ಅಲ್ಲವೇ? ಇನ್ನೇನು ಬೇಕು ಎನ್ನುತ್ತೀರಿ. ನಾನೂ ಹಾಗೆಯೇ ಎನ್ನುತ್ತಿದ್ದೆ, ಗಿರಿಜಾ ಒಂದು ದಿನ ಸೊಪ್ಪು ಬಿಡಿಸುತ್ತಾ ಈ ಪ್ರಶ್ನೆ ಎತ್ತುವ ತನಕ.

"ಹುಡುಗಿ ಸುಖವಾಗಿದ್ದಾಳಾ ಅಂತ ಅವಳನ್ನ ಕೇಳಿದ್ರೆ 'ಹ್ಞೂಂ ಅಮ್ಮ' ಅಂತಾಳೆ. ಅವನನ್ನ ಕೇಳಿದ್ರೆ ಬಾಗುಂದಂಡಿ ಅಂತಾನೆ. ಸಕ್ಕರೆ ಇಲ್ಲದ ಕಾಫಿಗೂ ಬಾಗುಂದಂಡಿ ಅಂದವನ ಮಾತು ಹೇಗ್ರೀ ನಂಬೋದು?"

ನಮ್ಮ ಅಳಿಯ ಬಾಗಿಲಿಲ್ಲದ ಮನೆ. ಸುತ್ತಲೂ ಸುಣ್ಣ ಬಣ್ಣ ಬಳಿದ ಚಂದದ ಗೋಡೆ. ಒಳಗೆ ಏನಿದೆಯೋ, ದೇವರೇ ಬಲ್ಲ.

ಈ ಗೋಡೆಯಲ್ಲಿ ಒಂದೇ ಒಂದು ಕಿಂಡಿ ಕಂಡದ್ದು ಮದುವೆಯ ದಿನ. ತೆಲುಗರಲ್ಲಿ ಅಲಕ ಪಾನ್ಪು ಎಂಬ ಒಂದು ಶಾಸ್ತ್ರವಿದೆ. ಮದುಮಗ ಮಂಚದ ಮೇಲೆ ಮುನಿಸಿಕೊಂಡು ಕೂರಬೇಕು. ಮಾವ ಹೋಗಿ "ಏನು ಬೇಕಪ್ಪಾ" ಎಂದು ರಮಿಸಬೇಕು. ಅವನು ಬೈಕೋ ಚಿನ್ನದ ಸರವೋ ಕೇಳಬೇಕು. (ನಮ್ಮ ಕಡೆ ಅಳಿಯಂದಿರು ಶಾಸ್ತ್ರವಿಲ್ಲದೆಯೇ ಮುನಿಸಿಕೊಳ್ಳುತ್ತಾರೆ. ಇಲ್ಲಿ ಅದಕ್ಕೊಂದು ಮಂಚ ಕೊಟ್ಟು ಗೌರವಿಸಿದ್ದಾರೆ, ಅಷ್ಟೆ.)

ವಂಶಿಗೆ ಮುನಿಸಿಕೊಳ್ಳಲೂ ಬರಲಿಲ್ಲ. ಮಂಚದ ಮೇಲೆ ನಗುತ್ತಾ ಕೂತಿದ್ದ. ಅವನ ಕಡೆಯ ಹಿರಿಯರೆಲ್ಲ "ಅಡುಗು, ಅಡುಗು" ಎಂದು, ಅಂದರೆ ಕೇಳು ಕೇಳು ಎಂದು, ತಿವಿದರು. ಕೊನೆಗೆ ತಲೆ ತಗ್ಗಿಸಿ ಏನೋ ಗೊಣಗಿದ. ಯಾರಿಗೂ ಅರ್ಥವಾಗಲಿಲ್ಲ. ಪಲ್ಲವಿ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು.

ರೋಬೋ. ಪ್ಲಾಸ್ಟಿಕ್ಕಿನದು. ಮೊಳದೆತ್ತರ. ಮೈತುಂಬಾ ಕವಚ. ಎದೆಯ ಮೇಲೆ ಲಾಕರಿನ ಬಾಗಿಲಿನಂಥದ್ದು, ಭುಜಕ್ಕೊಂದೊಂದು ಫಿರಂಗಿ, ಕಾಲಿಗೆ ಲಾರಿಯ ಬಂಪರಿನಂಥ ಶೂ.

ಮಂಟಪವೇ ನಕ್ಕಿತು. ಅವನ ದೊಡ್ಡಪ್ಪ ಹಣೆ ಬಡಿದುಕೊಂಡರು. ನಾನು ಮಾತ್ರ ಗಂಭೀರವಾಗಿ, ಸಾಲದ ಅರ್ಜಿ ಮಂಜೂರು ಮಾಡುವ ದನಿಯಲ್ಲಿ, "ಆಯಿತು" ಎಂದೆ. ಮನುಷ್ಯ ಬಾಯಿಬಿಟ್ಟು ಕೇಳಿದ ಒಂದೇ ಒಂದು ವಸ್ತು. ಕೊಡದಿರಲಾದೀತೇ?

ಅದು ಎಲ್ಲಿಯೂ ಸ್ಟಾಕ್ ಇರಲಿಲ್ಲ. ಹುಡುಕಿ, ಆರ್ಡರ್ ಮಾಡಿ, ಕಾದು, ಮತ್ತೆ ಕಾದು, ಅಂತೂ ಈ ಯುಗಾದಿಗೆ ಮುಂಚೆ ನಮ್ಮ ಮನೆಗೆ ಬಂತು. ಹಬ್ಬಕ್ಕೆ ವಿಜಯವಾಡಕ್ಕೆ ಹೋಗುವುದಿತ್ತು. ಮಗಳಿಗೂ ಹೇಳದೆ ಕೊಂಡೊಯ್ದು ಕೊಡುವುದೆಂದು ತೀರ್ಮಾನಿಸಿದೆವು.

ಡಬ್ಬ ತೆರೆದೆವು. ಒಳಗೆ ರೋಬೋ ಇರಲಿಲ್ಲ.

ಹಪ್ಪಳದಂತೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಚೌಕಟ್ಟುಗಳಿದ್ದವು. ಪ್ರತಿ ಚೌಕಟ್ಟಿಗೂ ಹುಣಸೆ ಮರಕ್ಕೆ ಕಾಯಿ ಕಚ್ಚಿದಂತೆ ಕಚ್ಚಿಕೊಂಡ ಚೂರುಗಳು. ಕೆಲವು ಬಿಸ್ಕತ್ತಿನಷ್ಟು, ಕೆಲವು ಸಾಸಿವೆಗಿಂತ ಒಂದಿಷ್ಟು ದೊಡ್ಡವು. ಜೊತೆಗೆ ಜಪಾನಿ ಭಾಷೆಯ ಒಂದು ಪುಸ್ತಕ. ಪುಣ್ಯಕ್ಕೆ ತುಂಬಾ ಚಿತ್ರಗಳಿದ್ದವು.

"ಒಡೆದು ಹೋಗಿರೋದನ್ನ ಕಳಿಸಿದಾರಲ್ರೀ," ಎಂದಳು ಗಿರಿಜಾ.

"ಒಡೆದಿಲ್ಲ ಕಣೇ. ಜೋಡಿಸಬೇಕಂತೆ."

"ಯಾರು?"

ಈ ಪ್ರಶ್ನೆಗೆ ಅಂದೇ ಸರಿಯಾದ ಉತ್ತರ ಸಿಕ್ಕಿದ್ದರೆ ಈ ಅಂಕಣ ಹುಟ್ಟುತ್ತಿರಲಿಲ್ಲ. ಆದರೆ ನಾವು ತಿಪಟೂರಿನವರು. ಒಂದು ತೆಂಗಿನಕಾಯಿ ಕೊಡುವುದಾದರೂ ಸಿಪ್ಪೆ ಸುಲಿದು, ಜುಟ್ಟು ಬಿಟ್ಟು, ನಾರು ನೀವಿ ಕೊಡುವ ಜನ. ಮೊದಲ ವರ್ಷದ ಹಬ್ಬಕ್ಕೆ ಅಳಿಯನ ಕೈಗೆ ಚೂರುಪಾರು ತುಂಬಿದ ಡಬ್ಬ ಇಡುವುದೇ? ಶಕುನ ಏನಾದೀತು? ಬೀಗರು ಏನೆಂದುಕೊಂಡಾರು?

"ಪಾಪ, ಇಡೀ ದಿನ ಕ್ಲಿನಿಕ್ಕಲ್ಲಿ ಬಗ್ಗಿ ಬಗ್ಗಿ ಸೊಂಟ ನೋವು ಅವನಿಗೆ. ಮತ್ತೆ ಮನೆಗೆ ಬಂದು ಇದನ್ನ ಬೇರೆ ಜೋಡಿಸಬೇಕಾ? ನಾವೇ ಮಾಡಿ ಕೊಡೋಣ," ಎಂದಳು ಗಿರಿಜಾ.

ನನಗೂ ಅದೇ ಸರಿ ಎನ್ನಿಸಿತು. ಡೈನಿಂಗ್ ಟೇಬಲ್ಲನ್ನು ವಶಪಡಿಸಿಕೊಂಡೆವು. ಊಟ ನೆಲಕ್ಕೆ ಇಳಿಯಿತು.

ಕೆಲಸ ಬ್ಯಾಂಕಿನ ಪದ್ಧತಿಯಲ್ಲೇ ನಡೆಯಿತು. ನಮ್ಮಲ್ಲಿ ಒಬ್ಬ ಮಾಡಿದ್ದನ್ನು ಇನ್ನೊಬ್ಬ ಪರಿಶೀಲಿಸಿ ಒಪ್ಪಿಗೆ ಕೊಡದೆ ಒಂದು ವೋಚರೂ ಮುಂದೆ ಹೋಗುವುದಿಲ್ಲ. ನಾನು ಜೋಡಿಸುವುದು, ಗಿರಿಜಾ ಪಾಸ್ ಮಾಡುವುದು. ಬ್ಯಾಂಕಿನಲ್ಲಿ ನಾನು ಎಷ್ಟೋ ಇನ್ಸ್‌ಪೆಕ್ಟರುಗಳನ್ನು ಕಂಡಿದ್ದೇನೆ. ಇಂಥವರನ್ನು ಕಂಡಿಲ್ಲ.

"ಎಡಗೈಗೆ ಬಲಗೈ ಬೆರಳು ಹಾಕಿದೀರಿ. ವಾಪಸ್."

"ಪುಸ್ತಕದಲ್ಲಿ ಹಾಗೇ ಇದೆ."

"ಪುಸ್ತಕ ತಲೆಕೆಳಗಾಗಿ ಹಿಡಿದಿದೀರಿ."

ಚೂರುಗಳನ್ನು ಚೌಕಟ್ಟಿನಿಂದ ಬಿಡಿಸಲು ಅವಳ ನೈಲ್ ಕಟ್ಟರ್. ಒರಟು ತೆಗೆಯಲು ಸ್ಟೀಲ್ ಪಾತ್ರೆ ಉಜ್ಜುವ ಸ್ಕ್ರಬ್ಬರ್. (ದಯವಿಟ್ಟು ಈ ಎರಡು ವಾಕ್ಯಗಳನ್ನು ನನ್ನ ಅಳಿಯನಿಗೆ ಮತ್ತೆ ನೆನಪಿಸಬೇಡಿ.)

ನನ್ನನ್ನು ದಂಗುಬಡಿಸಿದ್ದು ಬೇರೆಯೇ. ಈ ರೋಬೋಗೆ ಮೊದಲು ಒಳಗೊಂದು ಅಸ್ಥಿಪಂಜರ ಕಟ್ಟಬೇಕು. ಪಿಸ್ಟನ್ನು, ಪೈಪು, ಬುಗುರಿಯಂಥ ಕೀಲು, ಎಲ್ಲ ಕುಸುರಿ ಕೆಲಸ. ಆಮೇಲೆ ಅದರ ಮೇಲೆ ಕವಚ ಮುಚ್ಚಬೇಕು. ಮುಚ್ಚಿದ ಮೇಲೆ ಒಳಗಿನದು ಒಂದು ಎಳೆಯೂ ಕಾಣುವುದಿಲ್ಲ.

"ಯಾರೂ ನೋಡದ ಜಾಗದಲ್ಲಿ ಇಷ್ಟೊಂದು ಕೆಲಸ ಯಾಕೆ ಮಾಡಿದ್ದಾರೋ," ಎಂದೆ.

"ನಿಮಗೆ ಅರ್ಥ ಆಗಲ್ಲ ಬಿಡಿ," ಎಂದಳು ಗಿರಿಜಾ. "ಶರ್ಟಿಗೆ ಇಸ್ತ್ರಿ, ಒಳಗಡೆ ಬನಿಯನ್ನು ತೂತು."

ಅಂತೂ ವೀರ ಸಿದ್ಧನಾದ. ಎದ್ದು ನಿಂತ. ನಾವಿಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು ಕಣ್ತುಂಬಿಕೊಂಡೆವು. ಆಗ ಅವನ ಮೊಣಕಾಲು ಮೆಲ್ಲಗೆ ಮಡಚಿತು. ಸೊಂಟ ಬಾಗಿತು. ಫಿರಂಗಿಗಳ ಸಮೇತ ಚಟ್ನಿಪುಡಿಯ ಬಟ್ಟಲಿಗೆ ಮುಖ ಕೊಟ್ಟ.

ಮತ್ತೆ ನಿಲ್ಲಿಸಿದೆ. ಮತ್ತೆ ಬಿದ್ದ.

"ಹಬ್ಬದ ದಿನ ಬೀಗರ ಮುಂದೆ ಹೀಗೆ ಬಿದ್ರೆ?" ಎಂದಳು ಗಿರಿಜಾ. ಮುಖದಲ್ಲಿ ನಿಜವಾದ ಭಯ.

ಬ್ಯಾಂಕಿನವನಿಗೆ ಅಲ್ಲಾಡುವುದನ್ನು ಕಂಡರೆ ಆಗುವುದಿಲ್ಲ. ಡ್ರಾಯರಿನಲ್ಲಿ ಸೂಪರ್ ಗ್ಲೂ ಟ್ಯೂಬು ಇತ್ತು. ಮೊಣಕಾಲಿಗೆ ಹಾಕಿದೆ. ನಿಂತ. ಖುಷಿಯಾಯಿತು. ಸೊಂಟಕ್ಕೆ, ಭುಜಕ್ಕೆ, ಮೊಣಕೈಗೆ, ಕತ್ತಿಗೆ ಹಾಕಿದೆ. ಉಳಿದ ಗೋಂದು ದಂಡವಾಗಬಾರದೆಂದು ಬೆರಳುಗಳಿಗೂ ಹಾಕಿದೆ. ಗಿರಿಜಾ ತಳ್ಳಿ ನೋಡಿ ಪಾಸ್ ಮಾಡಿದಳು. ಸ್ವಾತಂತ್ರ್ಯ ದಿನಾಚರಣೆಯಂದು ಬ್ರಾಂಚಿನ ಮುಂದೆ ಅಟೆನ್ಷನ್ನಿನಲ್ಲಿ ನಿಂತ ಗನ್‌ಮ್ಯಾನಿನಂತಿದ್ದ.

ರೈಲಿನಲ್ಲಿ ಅವನನ್ನು ಗಿರಿಜಾಳ ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. (ತಪ್ಪಾಯಿತು. ಅವನಿಗೆ ಕೂರಲು ಬರುತ್ತಿರಲಿಲ್ಲ. ಮಲಗಿಸಿಕೊಂಡೆ.) ತುನಿ ಸ್ಟೇಷನ್ನಿನಲ್ಲಿ ಹತ್ತಿದ ಹಿರಿಯರೊಬ್ಬರು ಸೀರೆಯ ಗಂಟು ನೋಡಿ ಕೈಮುಗಿಯುತ್ತಾ ಕೇಳಿದರು, "ಹನುಮಂತುಡಾ ಅಂಡಿ?" ಮುಸುಕು ಸರಿಸಿ ತೋರಿಸಿದೆ. ಅವರು ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು.

ವಿಜಯವಾಡ ತಲುಪಿದ್ದು ಹಬ್ಬದ ಹಿಂದಿನ ದಿನ. ಕಾಫಿ ಮುಗಿದ ಮೇಲೆ ವಂಶಿಯನ್ನು ಸೋಫಾದಲ್ಲಿ ಕೂರಿಸಿ, ಚಿಕ್ಕದೊಂದು ಭಾಷಣ ಮಾಡಿ, ಮುಸುಕು ತೆಗೆದೆ.

ಅವನ ಮುಖ ಬೆಳಗಿತು. ಸುಳ್ಳು ಹೇಳುವುದಿಲ್ಲ, ಅಷ್ಟು ಬೆಳಗಿದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಎದ್ದು ಬಂದ. ಹತ್ತಿರದಿಂದ ನೋಡಿದ. ಬೆಳಕು ಸ್ವಲ್ಪ ಕಡಿಮೆಯಾಯಿತು.

"ಎವರು ಚೇಶಾರಂಡಿ?" ಯಾರು ಮಾಡಿದ್ದು, ಎಂದು ಕೇಳಿದ.

"ನೇನೇ," ಎಂದೆ ಎದೆಯುಬ್ಬಿಸಿ. "ಪೂರ್ತಿ ನಾನೇ. ನಿಮ್ಮ ಅತ್ತೆ ಚೆಕ್ ಮಾಡಿದ್ದಾರೆ."

ವಂಶಿ ರೋಬೋನ ಬಲಗೈ ಎತ್ತಲು ನೋಡಿದ. ಬರಲಿಲ್ಲ. ಎಡಗೈ. ಬರಲಿಲ್ಲ. ಕಾಲು, ಸೊಂಟ, ಕತ್ತು. ಆಮೇಲೆ ನನ್ನ ಕಡೆ ತಿರುಗಿ, ಮುಗುಳ್ನಕ್ಕು, ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ಹೇಳಿದ:

"ಬಾಗುಂದಂಡಿ, ಮಾವಯ್ಯಗಾರು."

ಒಳಗೆ ಹೋದ.

ಪಲ್ಲವಿ ಅಲ್ಲೇ ನಿಂತಿದ್ದಳು. "ಅಪ್ಪಾ, ಕಟ್ಟಿಬಿಟ್ರಾ?"

"ಹ್ಞೂಂ. ಯಾಕೆ?"

"ಕಟ್ಟೋದೇ ಅಪ್ಪಾ ಅದು. ಕಟ್ಟೋಕೇ ಇರೋದು. ಕಟ್ಟಿದ ಮೇಲೆ ಶೋಕೇಸಲ್ಲಿ ಇಟ್ಟು ಧೂಳು ಒರೆಸೋದು, ಅಷ್ಟೆ." ನನ್ನನ್ನು ಹಿಂದಿನ ಬಾಲ್ಕನಿಗೆ ಕರೆದೊಯ್ದಳು. ಗಾಜು ಹಾಕಿಸಿ ಕೋಣೆ ಮಾಡಿದ್ದರು. ಒಂದು ಟೇಬಲ್. ಅದರ ಮೇಲೆ ಲ್ಯಾಂಪು, ಸಣ್ಣ ಇಕ್ಕಳ, ಅರಗಳು, ಹಾಸಿದ ಹಸಿರು ಬಟ್ಟೆ. ನಡುವೆ ಖಾಲಿ ಜಾಗ. "ಮದುವೆ ಆದಾಗಿಂದ ಇವರು ಈ ಟೇಬಲ್ ಖಾಲಿ ಇಟ್ಟುಕೊಂಡು ಕಾಯ್ತಿದ್ರು."

ನಮ್ಮ ಹಿರಿಯರು ಮಡಿವಂತರಿಗೆ ಸ್ವಯಂಪಾಕ ಕೊಡುತ್ತಿದ್ದರು. ಅಕ್ಕಿ, ಬೇಳೆ, ತರಕಾರಿ, ತುಪ್ಪ ಎಲ್ಲ ಹಸಿಯದೇ. ಅವರು ತಾವೇ ಬೇಯಿಸಿಕೊಂಡು ಉಣ್ಣುತ್ತಾರೆ. ಬೇಯಿಸಿ ಬಡಿಸಿದರೆ ಮುಟ್ಟುವುದಿಲ್ಲ. ನನ್ನ ಅಳಿಯ ಕೇಳಿದ್ದು ಸ್ವಯಂಪಾಕ. ನಾನು ಬೇಯಿಸಿದ್ದಲ್ಲದೆ, ಸೀಯಿಸಿ, ತಳ ಹಿಡಿಸಿ, ಪಾತ್ರೆಯ ಸಮೇತ ಬಡಿಸಿದ್ದೆ.

ಆ ಸಂಜೆ ಗಿರಿಜಾ ನನ್ನ ಜೊತೆ ಮಾತಾಡಲಿಲ್ಲ. (ಪಾಸ್ ಮಾಡಿದ್ದು ಅವಳೇ ಎಂಬುದು ಬೇರೆ ಮಾತು. ಆಡಿಟ್‌ನಲ್ಲಿ ಸಿಕ್ಕಿಬೀಳುವವನು ಯಾವಾಗಲೂ ಮಾಡಿದವನೇ.) ವಂಶಿ ಎಂದಿನಂತೆ ನಕ್ಕು, ಎಂದಿನಂತೆ ಬಡಿಸಿ, ಎಂದಿನಂತೆ ಇದ್ದ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೈದಿದ್ದರೆ ಕ್ಷಮೆ ಕೇಳಬಹುದಿತ್ತು. ಬಾಗುಂದಂಡಿ ಎಂದವನ ಬಳಿ ಏನೆಂದು ಕ್ಷಮೆ ಕೇಳುವುದು?

ಯುಗಾದಿಯ ಬೆಳಿಗ್ಗೆ ಗಿರಿಜಾ ತೆಂಗಿನತುರಿಗೆಂದು ಫ್ರೀಜರ್ ತೆಗೆದವಳು ಕರೆದಳು. "ರೀ, ಬನ್ನಿ ಇಲ್ಲಿ."

ಹೋದೆ. ಬಟಾಣಿ ಪ್ಯಾಕೆಟ್ಟಿನ ಪಕ್ಕದಲ್ಲಿ, ಐಸ್ ಟ್ರೇ ತಲೆದಿಂಬಾಗಿ, ನಮ್ಮ ವೀರ ಮಲಗಿದ್ದ. ಮೈಮೇಲೆ ಮಂಜು.

"ಶವಾಗಾರ," ಎಂದೆ.

"ಸಿಟ್ಟು," ಎಂದಳು ಗಿರಿಜಾ. "ಇದು ನಿಜವಾದ ಅಲಕ. ಹೋಗಿ ರಮಿಸಿ. ಈ ಸಲ ಮಂಚ ಇಲ್ಲ."

ಬೇವು ಬೆಲ್ಲ ತಿಂದಾದ ಮೇಲೆ ಬಾಲ್ಕನಿಯ ಟೇಬಲ್ ಲ್ಯಾಂಪು ಹತ್ತಿತು. ಬಾಗಿಲಲ್ಲಿ ನಿಂತೆ. ವಂಶಿ ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂತಿದ್ದ. ಫ್ರೀಜರಿನಿಂದ ಬಂದ ರೋಬೋ ಟವೆಲ್ಲಿನ ಮೇಲೆ ಅಂಗಾತ ಮಲಗಿತ್ತು. ಗೋಂದು ಚಳಿಗೆ ಪೆಡಸಾಗಿ ಬಿರುಕು ಬಿಡುತ್ತದಂತೆ. ಶವಾಗಾರವಲ್ಲ, ಅರವಳಿಕೆ.

"ರಂಡಿ, ಮಾವಯ್ಯಗಾರು." ಬನ್ನಿ ಎಂದು ಸ್ಟೂಲು ತೋರಿಸಿದ. ಕೂತೆ.

ಹಲ್ಲಿನ ಹುಳುಕು ಹುಡುಕುವ ಕೊಕ್ಕೆಯಂಥ ಸಲಾಕೆ ತೆಗೆದುಕೊಂಡು ಭುಜ ಚುಚ್ಚಿ ನೋಡಿದ. "ಇಕ್ಕಡ ಗಮ್." ಇಲ್ಲಿ ಗೋಂದು. ಮೊಣಕೈ. "ಇಕ್ಕಡ ಗಮ್." ಸೊಂಟ. "ಇಕ್ಕಡ ಕೂಡಾ ಗಮ್." ಒಂದೊಂದು ಕೀಲಿಗೂ ದನಿ ಒಂದೊಂದು ಮೆಟ್ಟಿಲು ಏರುತ್ತಿತ್ತು. ಬೆರಳಿಗೆ ಬಂದ. ನಿಂತ. ಮೊಣಕಾಲಿಗೆ ಬಂದ. ಸಲಾಕೆ ಕೆಳಗಿಟ್ಟ. ಭೂತಗನ್ನಡಿ ಮೇಲೆ ಸರಿಸಿ, ನನ್ನನ್ನು ನೇರವಾಗಿ ನೋಡಿದ.

"ಎವರೈನಾ ಮೋಕಾಲಿಕಿ ಗಮ್ ಪೆಡತಾರಾ, ಮಾವಯ್ಯಾ?"

ಯಾರಾದರೂ ಮೊಣಕಾಲಿಗೆ ಗೋಂದು ಹಾಕುತ್ತಾರಾ?

"ಗಟ್ಟಿಯಾಗಿರಲಿ ಅಂತ..." ಎಂದು ನನ್ನ ಹರಕು ತೆಲುಗಿನಲ್ಲಿ ಶುರು ಮಾಡಿದೆ. ಮುಗಿಸಲು ಬಿಡಲಿಲ್ಲ. ಮುಂದಿನದನ್ನು ಕನ್ನಡದಲ್ಲಿ ಕೊಡುತ್ತೇನೆ. ಖಾರ ಒಂದಿಷ್ಟು ಕಡಿಮೆಯಾದೀತು.

ಮೊಣಕಾಲು ಮಡಚಲಿಕ್ಕೇ ಇರುವುದಂತೆ. ಅದನ್ನು ಮಡಚುವಂತೆ ಮಾಡಲು ಯಾರೋ ಒಬ್ಬ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾನಂತೆ. ಬೀಳುತ್ತಿದ್ದರೆ ಪಾದ ಸ್ವಲ್ಪ ಅಗಲಿಸಿ ನಿಲ್ಲಿಸಬೇಕಂತೆ, ಅಷ್ಟೇ. ಇದು ನೈಲ್ ಕಟ್ಟರಿನ ಗುರುತಾ? ಇದು ಸ್ಕ್ರಬ್ಬರಾ? ಇಷ್ಟು ದುಡುಕಿ ಕೆಲಸ ಮಾಡುವವರು ಬ್ಯಾಂಕಿನಲ್ಲಿ ಏನು ಮಾಡುತ್ತೀರಿ?

ನಾನು ಕೈಕಟ್ಟಿ ಕೇಳಿದೆ. ಅಂತೂ ಗೋಡೆಗೆ ಬಾಗಿಲು ಬಂತೆಂದು ನನ್ನ ಎದೆಯಲ್ಲಿ ಮಂಗಳವಾದ್ಯ ಮೊಳಗುತ್ತಿತ್ತು.

ಗಿರಿಜಾ ಬಾಗಿಲಲ್ಲಿ ಇಣುಕಿ, ನೈಲ್ ಪಾಲಿಷ್ ತೆಗೆಯುವ ದ್ರಾವಣ ಹಚ್ಚಿದರೆ ಹೋಗುತ್ತದಲ್ಲವೇ ಎಂದಳು. "ವದ್ದು ಅತ್ತಯ್ಯಾ," ಎಂದು ಚೀರಿದ. ಬೇಡವೇ ಬೇಡ, ಪ್ಲಾಸ್ಟಿಕ್ಕೇ ಕರಗುತ್ತದಂತೆ. ಅವಳು ಓಡಿದಳು.

ಆಮೇಲೆ ಆಪರೇಷನ್. ಅವನು ಡಾಕ್ಟರ್, ನಾನು ನರ್ಸು. ಕೂದಲೆಳೆಯಂಥ ಗರಗಸದಲ್ಲಿ ಒಂದೊಂದೇ ಕೀಲು ಬಿಡಿಸಿದ. ನಾನು ಹತ್ತಿ ಕೊಟ್ಟೆ, ಅರ ಕೊಟ್ಟೆ, ತಪ್ಪು ಅರ ಕೊಟ್ಟು ಬೈಸಿಕೊಂಡೆ. ಎದೆಯ ಕವಚ ತೆಗೆದು ಒಳಗಿನ ಪಿಸ್ಟನ್ನು ಹೇಗೆ ಆಡುತ್ತದೆ ತೋರಿಸಿದ. ನಾನೇ ಜೋಡಿಸಿದ್ದೆ, ಅದು ಆಡುತ್ತದೆ ಎಂದು ಗೊತ್ತೇ ಇರಲಿಲ್ಲ.

ಕೈ ಕೆಲಸದಲ್ಲಿದ್ದಾಗ ಬಾಯಿ ಸಡಿಲವಾಗುತ್ತದೆ. ಅಳಿಯನ ದೂರುಗಳು ಒಂದೊಂದಾಗಿ ಹೊರಬಂದವು. ದೀಪಾವಳಿಗೆ ನಾನು ಹಾಕಿದ ಉಂಗುರ ಬಿಗಿ. ಸೋಪು ಹಚ್ಚಿಯೇ ತೆಗೆಯಬೇಕು. ಭಾನುವಾರ ನಸುಕಿನಲ್ಲಿ ಫೋನ್ ಮಾಡಿ "ಎದ್ದಿದ್ದೀರಾ" ಎಂದು ಕೇಳುವ ಮಾವ ಲೋಕದಲ್ಲಿ ಬೇರೆ ಯಾರಿಗೂ ಇಲ್ಲ. ನಮ್ಮ ಮನೆಯ ಫ್ಯಾನು ಕಿರುಗುಟ್ಟುತ್ತದೆ. ಅಂದಿನ ಕಾಫಿ, ದೇವರಾಣೆ, ಕಷಾಯ.

"ಪಲ್ಲವಿ ರಾತ್ರಿ ಹಲ್ಲುಜ್ಜಲ್ಲ," ಎಂದ, ಭುಜದ ಕೀಲಿಗೆ ಮುಖವಿಟ್ಟುಕೊಂಡೇ. "ದಂತವೈದ್ಯನ ಹೆಂಡತಿ. ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ಉಜ್ಜಲ್ಲ ಅಂತಾಳೆ. ನಿಜಾನಾ?"

ನಾನು ಬಾಯಿ ಮುಚ್ಚಿಕೊಂಡೆ. (ಹಲ್ಲು ಕಾಣಬಾರದಲ್ಲ.) ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದೆ, "ಮತ್ತೆ ಏನು ಮಾಡ್ತೀರಿ?"

"ಏನು ಮಾಡೋದು? ನಾನೇ ಬ್ರಷ್ಷಿಗೆ ಪೇಸ್ಟ್ ಹಾಕಿ ಕೈಗೆ ಕೊಡ್ತೀನಿ. ಆಗ ಬೈಕೊಂಡು ಉಜ್ಜುತಾಳೆ. ನನ್ನನ್ನೇ ಬೈತಾಳೆ."

ಗಿರಿಜಾಳ ಪ್ರಶ್ನೆಗೆ ಉತ್ತರ ಸಿಕ್ಕಿತು. ನೂರು ಬಾಗುಂದಂಡಿಗಳಲ್ಲಿ ಸಿಗದ್ದು ಒಂದು ದೂರಿನಲ್ಲಿ ಸಿಕ್ಕಿತು. ಆ ಮನೆಯಲ್ಲಿ ನನ್ನ ಮಗಳು ಬೈಯುತ್ತಾಳೆ, ಒಬ್ಬ ಬೈಸಿಕೊಂಡು ಪೇಸ್ಟ್ ಹಾಕುತ್ತಾನೆ. ಇದಕ್ಕಿಂತ ಹೆಚ್ಚಿನ ಸುಖ ಯಾವ ಜಾತಕದಲ್ಲಿ ಬರೆದಿದೆ, ಹೇಳಿ?

ಕತ್ತು ಮಾತ್ರ ಬಿಡಿಸಲಾಗಲಿಲ್ಲ. ರೋಬೋ ಈಗ ಕೈಯೆತ್ತುತ್ತದೆ, ಮಂಡಿಯೂರುತ್ತದೆ, ಕತ್ತು ಮಾತ್ರ ತಿರುಗಿಸುವುದಿಲ್ಲ. "ಉಂಡನೀ ಮಾವಯ್ಯಾ," ಎಂದ ವಂಶಿ. ಇರಲಿ ಬಿಡಿ. "ನಿಮ್ಮ ಗುರುತು."

ನಾನು ಅಡುಗೆಮನೆಗೆ ಹೋಗಿ ಎಲ್ಲವನ್ನೂ ಪಿಸುಗುಟ್ಟಿದೆ. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೇಸ್ಟಿನ ಪ್ರಸಂಗವನ್ನು ಎರಡೆರಡು ಬಾರಿ ಹೇಳಿಸಿಕೊಂಡಳು. "ಅಂತೂ ನಮ್ಮ ಮನೆ ಹುಡುಗನಾದ," ಎಂದಳು. ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಸುರಿದಳು.

ಎಲ್ಲರೂ ಊಟಕ್ಕೆ ಕೂತೆವು. ಅಳಿಯನಿಗೆ ಇಷ್ಟವೆಂದು ಗಿರಿಜಾ ಅಂದೂ ಹಾಗಲಕಾಯಿ ಗೊಜ್ಜು ಮಾಡಿದ್ದಳು. ಅವನ ತಟ್ಟೆಗೇ ಮೊದಲು ಬಡಿಸಿದಳು. ಅವನು ಒಂದು ತುತ್ತು ತಿಂದ. ಅಗಿದ. ನುಂಗಿದ. ನೀರು ಕುಡಿದ. ತಲೆಯೆತ್ತಿ, ಅತ್ಯಂತ ಪ್ರೀತಿಯಿಂದ ಹೇಳಿದ:

"ಅತ್ತಯ್ಯಾ, ಇದಿ ಚಾಲಾ ಚೇದು." ಇದು ತುಂಬಾ ಕಹಿ. "ಮೊದಟಿ ರೋಜು ನುಂಚಿ ಚೇದೇ." ಮೊದಲ ದಿನದಿಂದಲೂ ಕಹಿಯೇ.

ಪಲ್ಲವಿ ಸೀಲಿಂಗ್ ನೋಡಿದಳು. ಗಿರಿಜಾ ಸೌಟು ಹಿಡಿದ ಭಂಗಿಯಲ್ಲೇ ನಿಂತಳು, ಕೀಲುಕೀಲಿಗೂ ಗೋಂದು ಹಾಕಿದಂತೆ. ಆಮೇಲೆ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು. ನಾನು ಹಿಂದೆಯೇ ಹೋದೆ.

"ಯಾರು ಕೊಟ್ಟಿದ್ದು ಅವನಿಗೆ ಇಷ್ಟು ಸಲಿಗೆ?" ಎಂದಳು. "ನೀವೇ ತಾನೇ? ಬೆಳಿಗ್ಗೆಯಿಂದ ಪಕ್ಕದಲ್ಲಿ ಕೂತ್ಕೊಂಡು ಬೈಸ್ಕೊಂಡು ಬೈಸ್ಕೊಂಡು ಅಭ್ಯಾಸ ಮಾಡಿಸಿದ್ದು? ಹೇಳಿ, ನೀವಾದ್ರೂ ನಿಜ ಹೇಳಿ. ಕಹಿ ಇದೆಯಾ ಇದು?"

ಒಂದು ಚಮಚ ಗೊಜ್ಜು ನನ್ನ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ನಾನು ನಿಧಾನವಾಗಿ ನುಂಗಿ, ತುಟಿ ಒರೆಸಿಕೊಂಡು, ಮುಗುಳ್ನಕ್ಕೆ.

"ಬಾಗುಂದಂಡಿ," ಎಂದೆ.